ರಟ್ಟಿನ ಪೆಟ್ಟಿಗೆಯ ತಯಾರಿಕೆ ಮತ್ತು ಮುದ್ರಣ: ಬೆಂಗಳೂರು ಗ್ರಾಮಾಂತರ ಪ್ರದೇಶದ ಚರಿತ್ರೆಗೆ ಒಂದು ಆಕರ

೧

ಮೈಸೂರು ಸಂಸ್ಥಾನದ ಶಾಸನಗಳನ್ನು ಸಂಗ್ರಹಿಸಿ ಪ್ರಕಟಿಸಿದ ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ ಗ್ರಂಥಮಾಲೆಯ ೯ನೆಯ ಸಂಪುಟವು ೧೯೦೫ರಲ್ಲಿ ಹೊರಬಂದಿತು. ಅಂದಿನ ಬೆಂಗಳೂರು ಜಿಲ್ಲೆಗೆ ಮೀಸಲಾದ ಆ ಸಂಪುಟದಲ್ಲಿ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಎಂಬ ನಾಲ್ಕು ತಾಲ್ಲೂಕುಗಳ ಶಾಸನಗಳೂ ಸೇರಿವೆ. ಗಂಗರ ಕಾಲದಲ್ಲಿ ಮಾನ್ಯಪುರವೆನಿಸಿದ್ದ ನೆಲಮಂಗಲ ತಾಲ್ಲೂಕಿನ ಮಣ್ಣೆಯ ವಿಚಾರವನ್ನು ನಾವಿಂದು ಇಷ್ಟರ ಮಟ್ಟಿಗೆ ಬಲ್ಲೆವಾದರೆ ಅದಕ್ಕೆ ಕಾರಣಗಳು ಎರಡು: ಬರೆಹವನ್ನು ಹೊತ್ತ ವಸ್ತು ಅಳಿಯದೆ ಉಳಿದುಬಂದುದು ಒಂದು, ಉಳಿದುದನ್ನು ಕ್ರಮವಾಗಿ ಓದುವ ಶ್ರದ್ಧೆಯುಳ್ಳವರು ದೊರೆತುದು ಇನ್ನೊಂದು.

ಅವೇ ನಾಲ್ಕು ತಾಲ್ಲೂಕುಗಳಲ್ಲಿ ಈಗ ಬೇರೊಂದು ಬಗೆಯ ಬರೆಹವು ಪ್ರತಿನಿತ್ಯವೂ ಹುಟ್ಟಿ ಪ್ರತಿನಿತ್ಯವೂ ನಾಶವಾಗುತ್ತಿದೆ. ಕಾರ್ಖಾನೆಗಳಿಂದ ಸರಕನ್ನು ಹೊತ್ತು ಹೊರಡುವ ಕಂದುಬಣ್ಣದ ರಟ್ಟಿನ ಪೆಟ್ಟಿಗೆಗಳ ಮೇಲೆ ಮುದ್ರಿತವಾದ ಬರೆಹವೇ ಅದು. ಊರಿನ ಹೆಸರು, ತಯಾರಕನ ಹೆಸರು, ಸರಕಿನ ತೂಕ, ಎಚ್ಚರಿಕೆಯ ಚಿಹ್ನೆ, ಇವೆಲ್ಲವೂ ಅದರಲ್ಲಿವೆ. ಅದನ್ನು ಹೊತ್ತ ಪೆಟ್ಟಿಗೆಯಾದರೋ ಕೆಲವು ವಾರಗಳೊಳಗಾಗಿ ಗುಜರಿ ಅಂಗಡಿಯನ್ನೂ ಕೆಲವು ತಿಂಗಳೊಳಗಾಗಿ ಕಾಗದದ ಗಿರಣಿಯ ತೊಟ್ಟಿಯನ್ನೂ ಸೇರುತ್ತದೆ. ಈ ಪ್ರದೇಶದ ಕೈಗಾರಿಕೆಯ ಚರಿತ್ರೆಯನ್ನು ಮುಂದೆ ಬರೆಯುವವರಿಗೆ ದೊಡ್ಡ ಸಂಸ್ಥೆಗಳ ವಾರ್ಷಿಕ ವರದಿಗಳು ದೊರೆಯಬಹುದು. ಹತ್ತಿಪ್ಪತ್ತು ಜನ ದುಡಿಯುವ ಸಣ್ಣ ಕಾರ್ಖಾನೆಯ ವಿಷಯದಲ್ಲಿ ಈ ಪೆಟ್ಟಿಗೆಯನ್ನು ಬಿಟ್ಟರೆ ಸಾರ್ವಜನಿಕವಾದ ಸಾಕ್ಷ್ಯ ಬೇರೆ ಇರುವುದು ಅಪೂರ್ವ. ಆದುದರಿಂದ ಈ ಪೆಟ್ಟಿಗೆ ಎಲ್ಲಿ ಹುಟ್ಟಿತು, ನಮ್ಮ ಕಡೆಗೆ ಹೇಗೆ ಬಂದಿತು, ಅದನ್ನು ಮಾಡುವ ಮತ್ತು ಮುದ್ರಿಸುವ ಕ್ರಮವೇನು, ಚರಿತ್ರೆಯ ವಿದ್ಯಾರ್ಥಿಯು ಅದನ್ನು ಓದಬೇಕಾದ ಬಗೆ ಯಾವುದು ಎಂಬಿಷ್ಟನ್ನು ಪ್ರಕೃತ ಲೇಖನದಲ್ಲಿ ಪರಿಶೀಲಿಸುತ್ತೇವೆ.

೨

ಮೊದಲು ವಸ್ತುವಿನ ಸ್ವರೂಪವನ್ನು ತಿಳಿಯಬೇಕು. ಜನರು ಇದನ್ನು ರಟ್ಟಿನ ಪೆಟ್ಟಿಗೆ, ಕಾರ್ಟನ್, ಬಾಕ್ಸ್ ಎಂದು ಕರೆಯುತ್ತಾರೆ. ಪುಸ್ತಕಕ್ಕೆ ಹೊದಿಸುವ ಗಟ್ಟಿ ರಟ್ಟಿಗೂ ಇದಕ್ಕೂ ವ್ಯತ್ಯಾಸವಿದೆ. ಪುಸ್ತಕದ ರಟ್ಟು ಒಳಗೆಲ್ಲ ತುಂಬಿಕೊಂಡಿರುವ ಘನವಸ್ತು. ಪೆಟ್ಟಿಗೆಯ ರಟ್ಟಿನಲ್ಲಾದರೋ ಎರಡು ಚಪ್ಪಟೆ ಕಾಗದಗಳ ನಡುವೆ ಸೀರೆಯ ನಿರಿಗೆಯಂತೆ ಅಲೆಯಲೆಯಾಗಿ ಮಡಿದ ಇನ್ನೊಂದು ಕಾಗದವಿರುತ್ತದೆ. ಈ ನಿರಿಗೆಗೆ ಕಾರ್ಖಾನೆಗಳಲ್ಲಿ ‘ಫ್ಲೂಟ್’ ಎಂದು ಹೆಸರು. ಒಂದೊಂದು ನಿರಿಗೆಯೂ ಒಂದು ಸಣ್ಣ ಕಮಾನು. ಕಲ್ಲಿನ ಕಮಾನು ಮೇಲಿನ ಭಾರವನ್ನು ಎರಡು ಕಡೆಗೂ ಹಂಚುವಂತೆ ಕಾಗದದ ಕಮಾನುಗಳ ಸಾಲು ಒತ್ತಡವನ್ನು ಹಂಚುತ್ತದೆ. ಪೆಟ್ಟಿಗೆಯನ್ನು ನಿಲ್ಲಿಸಿದಾಗ ನಿರಿಗೆಗಳು ನೆಟ್ಟಗೆ ಮೇಲ್ಮುಖವಾಗಿ ಕಂಬಗಳಂತೆ ನಿಲ್ಲುವುದರಿಂದ ಒಂದರ ಮೇಲೊಂದು ಪೆಟ್ಟಿಗೆಯನ್ನು ಪೇರಿಸಲು ಸಾಧ್ಯವಾಗುತ್ತದೆ. ಹೆಚ್ಚಿನ ಜಾಗವೆಲ್ಲ ಗಾಳಿಯೇ ಆದುದರಿಂದ ತೂಕ ಕಡಿಮೆ. ಬೀಳುವ ಪೆಟ್ಟನ್ನು ನುಂಗಿಕೊಳ್ಳುವ ಶಕ್ತಿ ಹೆಚ್ಚು.

ಎರಡು ಚಪ್ಪಟೆ ಕಾಗದಗಳೂ ಒಂದು ನಿರಿಗೆ ಕಾಗದವೂ ಕೂಡಿದರೆ ಅದು ‘ಮೂರು ಪ್ಲೈ’ ರಟ್ಟು. ಮೂರು ಚಪ್ಪಟೆ, ಎರಡು ನಿರಿಗೆ ಕೂಡಿದರೆ ‘ಐದು ಪ್ಲೈ’. ಭಾರವಾದ ಯಂತ್ರಭಾಗಗಳಿಗೆ ‘ಏಳು ಪ್ಲೈ’ ರಟ್ಟನ್ನು ಬಳಸುತ್ತಾರೆ. ನಿರಿಗೆಗಳಲ್ಲಿಯೂ ಬಗೆಗಳಿವೆ. ‘ಎ’ ನಿರಿಗೆಯ ಎತ್ತರ ಸುಮಾರು ೪.೭ ಮಿಲಿಮೀಟರು, ‘ಸಿ’ಯದು ಸುಮಾರು ೩.೬, ‘ಬಿ’ಯದು ಸುಮಾರು ೨.೫, ‘ಇ’ಯದು ಸುಮಾರು ೧.೫. ಅಕ್ಷರಗಳ ಕ್ರಮಕ್ಕೂ ಎತ್ತರದ ಕ್ರಮಕ್ಕೂ ಹೊಂದಿಕೆಯಿಲ್ಲದಿರುವುದನ್ನು ಓದುಗರು ಗಮನಿಸಬಹುದು. ಈ ಹೆಸರುಗಳು ಅಳತೆಗೆ ತಕ್ಕಂತೆ ಇಟ್ಟವಲ್ಲ, ಬಳಕೆಗೆ ಬಂದ ಸರದಿಯಲ್ಲಿ ಬಂದವು ಎಂಬುದು ಇದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ.

೩

ನಿರಿಗೆ ಕಾಗದ ಹುಟ್ಟಿದ್ದು ಪೆಟ್ಟಿಗೆಗಾಗಿ ಅಲ್ಲ. ಇಂಗ್ಲೆಂಡಿನಲ್ಲಿ ಹೀಲಿ ಮತ್ತು ಆಲೆನ್ ಎಂಬುವರು ೧೮೫೬ರಲ್ಲಿ ಪಡೆದ ಹಕ್ಕುಪತ್ರವು ಟೋಪಿಯ ಒಳಪಟ್ಟಿಗೆ ಬಳಸುವ ನಿರಿಗೆ ಕಾಗದವನ್ನು ಕುರಿತದ್ದು. ೧೮೭೧ರಲ್ಲಿ ನ್ಯೂಯಾರ್ಕಿನ ಆಲ್ಬರ್ಟ್ ಜೋನ್ಸ್ ಎಂಬುವನು ಅದನ್ನು ಸೀಸೆಗಳಿಗೂ ದೀಪದ ಗಾಜಿನ ಚಿಮಣಿಗಳಿಗೂ ಸುತ್ತುವ ಉಪಾಯವನ್ನು ಕಂಡುಕೊಂಡನು. ಬರಿಯ ನಿರಿಗೆ ಕಾಗದವನ್ನು ಎಳೆದರೆ ಅದು ನೆಟ್ಟಗಾಗಿ ಬಲವನ್ನು ಕಳೆದುಕೊಳ್ಳುತ್ತದೆ; ಈ ದೋಷವನ್ನು ಪರಿಹರಿಸಲು ೧೮೭೪ರಲ್ಲಿ ಆಲಿವರ್ ಲಾಂಗ್ ಎಂಬುವನು ನಿರಿಗೆಗೆ ಚಪ್ಪಟೆ ಕಾಗದವನ್ನು ಅಂಟಿಸಿದನು. ಇಂದಿನ ರಟ್ಟಿನ ರೂಪ ಅಲ್ಲಿಂದ ಬಂದಿತು.

ಅದನ್ನು ಪೆಟ್ಟಿಗೆಯನ್ನಾಗಿ ಮಾಡುವ ವಿದ್ಯೆ ಮುದ್ರಣಾಲಯದಿಂದ ಬಂದಿತೆಂಬುದು ಗಮನಾರ್ಹವಾದ ಸಂಗತಿ. ಬ್ರೂಕ್ಲಿನ್ನಿನಲ್ಲಿ ಕಾಗದದ ಚೀಲಗಳನ್ನು ಮಾಡಿ ಮುದ್ರಿಸುತ್ತಿದ್ದ ರಾಬರ್ಟ್ ಗೇರ್ ಎಂಬುವನ ಯಂತ್ರದಲ್ಲಿ, ಮಡಿಕೆಯ ಗೆರೆಯನ್ನು ಒತ್ತಬೇಕಾಗಿದ್ದ ಲೋಹದ ಪಟ್ಟಿಯೊಂದು ಸ್ಥಾನ ತಪ್ಪಿ ಮೇಲೆದ್ದು ಚೀಲಗಳನ್ನು ಕತ್ತರಿಸಿಬಿಟ್ಟಿತೆಂದು ಹೇಳುತ್ತಾರೆ. ಒಂದು ಪಟ್ಟಿ ಕತ್ತರಿಸುವುದಾದರೆ, ಇನ್ನೊಂದು ಮಡಿಕೆಯ ಗೆರೆಯನ್ನು ಒತ್ತುವುದಾದರೆ, ಎರಡನ್ನೂ ಒಂದೇ ಪೆಟ್ಟಿಗೆ ಏಕೆ ಮಾಡಬಾರದು ಎಂಬ ಆಲೋಚನೆ ೧೮೭೯ರ ಈ ಅಚಾತುರ್ಯದಿಂದ ಅವನಿಗೆ ಹೊಳೆಯಿತು. ಅದೇ ವರ್ಷ ಕಾರ್ಲ್ ಡಾಲ್ ಎಂಬ ರಸಾಯನಜ್ಞನು ಡಾನ್ಜಿಗ್ ನಗರದಲ್ಲಿ ಮರದಿಂದ ಬಲವಾದ ನಾರನ್ನು ತೆಗೆಯುವ ಕ್ರಮವನ್ನು ರೂಪಿಸಿದನು. ಆ ಕ್ರಮದಿಂದಾದ ಕಾಗದಕ್ಕೆ ‘ಕ್ರಾಫ್ಟ್’ ಎಂದು ಹೆಸರಾಯಿತು. ಜರ್ಮನ್ ಭಾಷೆಯಲ್ಲಿ ಆ ಶಬ್ದಕ್ಕೆ ಬಲವೆಂದು ಅರ್ಥ.

ಹೊಸ ಪೆಟ್ಟಿಗೆಗೆ ಎದುರಾದ ದೊಡ್ಡ ಅಡ್ಡಿ ರೈಲ್ವೆಯದು. ಅಮೆರಿಕದ ರೈಲ್ವೆ ಕಂಪನಿಗಳು ಮರದ ಪೆಟ್ಟಿಗೆಯಲ್ಲಿ ಬಂದ ಸರಕಿಗಿಂತ ರಟ್ಟಿನ ಪೆಟ್ಟಿಗೆಯಲ್ಲಿ ಬಂದ ಸರಕಿಗೆ ಹೆಚ್ಚಿನ ದರವನ್ನು ವಿಧಿಸುತ್ತಿದ್ದುವು. ಕ್ಯಾಲಿಫೋರ್ನಿಯದ ಪ್ರಿಡಮ್ ಎಂಬ ಪೆಟ್ಟಿಗೆ ತಯಾರಕನು ಇದನ್ನು ಪ್ರಶ್ನಿಸಿದನು. ೧೯೧೪ರಲ್ಲಿ ಅಲ್ಲಿಯ ಅಂತರರಾಜ್ಯ ವಾಣಿಜ್ಯ ಆಯೋಗವು ಈ ಭೇದವು ಅನ್ಯಾಯವೆಂದು ತೀರ್ಮಾನಿಸಿತು. ರೈಲ್ವೆಯ ನಿಯಮಗಳು ರಟ್ಟಿನ ಪೆಟ್ಟಿಗೆಗೆ ಸ್ಥಾನ ಕೊಟ್ಟುವಾದರೂ ಒಂದು ಷರತ್ತನ್ನೂ ಹಾಕಿದುವು: ಪೆಟ್ಟಿಗೆಯನ್ನು ಮಾಡಿದವನು ಯಾರು, ಊರು ಯಾವುದು, ರಟ್ಟು ಎಷ್ಟು ಒತ್ತಡವನ್ನು ತಾಳುತ್ತದೆ ಎಂಬುದನ್ನು ಪೆಟ್ಟಿಗೆಯ ಮೇಲೆಯೇ ಮುದ್ರಿಸಬೇಕು. ಒತ್ತಡವನ್ನು ಅಳೆಯುವ ಸಾಧನವನ್ನು ಜಾನ್ ಮಲ್ಲೆನ್ ಎಂಬುವನು ೧೮೮೭ರಲ್ಲಿಯೇ ಮಸ್ಸಚೂಸೆಟ್ಸಿನಲ್ಲಿ ಮಾಡಿದ್ದನು. ಇಂದಿಗೂ ಹಲವು ಪೆಟ್ಟಿಗೆಗಳ ತಳದಲ್ಲಿ ಕಾಣುವ ವೃತ್ತಾಕಾರದ ಮುದ್ರೆಯ ಮೂಲ ಇದು. ಕಾಗದವನ್ನು ನಂಬದ ರೈಲ್ವೆಯ ಸಂಶಯದಿಂದಾಗಿ ಪೆಟ್ಟಿಗೆಯು ತನ್ನ ಕರ್ತೃವಿನ ಹೆಸರನ್ನು ತಾನೇ ಹೇಳುವ ವಸ್ತುವಾಯಿತು. ಚರಿತ್ರಕಾರನಿಗೆ ಇದರಿಂದ ಉಪಕಾರವೇ ಆಗಿದೆ.

೪

ಇನ್ನು ನಮ್ಮ ಕಡೆಯ ವಿಚಾರ. ಕಾಗದದ ಪೆಟ್ಟಿಗೆ ಬರುವುದಕ್ಕೆ ಮುಂಚೆ ಸರಕನ್ನು ಸಾಗಿಸುತ್ತಿದ್ದುದು ಬಿದಿರಿನ ಕುಕ್ಕೆ, ಮಂಕರಿ, ಗೋಣಿಚೀಲ, ಬಟ್ಟೆಯ ಗಂಟು, ಮರದ ಹಲಗೆಗಳನ್ನು ಮೊಳೆ ಹೊಡೆದು ಕೂಡಿಸಿದ ಪೆಟ್ಟಿಗೆ, ಇವುಗಳಲ್ಲಿ. ಹಣ್ಣಿಗೆ ಕುಕ್ಕೆ, ಧಾನ್ಯಕ್ಕೆ ಗೋಣಿ, ಸೀರೆಗೆ ಗಂಟು, ಯಂತ್ರಕ್ಕೆ ಮರದ ಪೆಟ್ಟಿಗೆ ಎಂದು ಒಂದೊಂದಕ್ಕೂ ಒಂದೊಂದು ಏರ್ಪಾಡಿತ್ತು. ಮರದ ಪೆಟ್ಟಿಗೆ ಬಲವಾದದ್ದು ನಿಜ. ಆದರೆ ಅದು ಭಾರವಾದದ್ದು, ಕಾಡನ್ನು ಬೇಡುವಂಥದು. ಭಾರತ ಸರ್ಕಾರವು ೧೯೮೮ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಅರಣ್ಯ ನೀತಿಯು ಮರಕ್ಕೆ ಬದಲಾಗಿ ಬೇರೆ ವಸ್ತುಗಳನ್ನು ಆದಷ್ಟು ಹೆಚ್ಚಾಗಿ ಬಳಸಬೇಕೆಂದು ಹೇಳಿತು. ಹಿಮಾಚಲದ ಸೇಬಿನ ವ್ಯಾಪಾರದಲ್ಲಿ ಮರದ ಪೆಟ್ಟಿಗೆಯ ಸ್ಥಾನಕ್ಕೆ ರಟ್ಟಿನ ಪೆಟ್ಟಿಗೆ ಬಂದುದು ಇದೇ ಚಿಂತನೆಯ ಫಲ.

ಕಾಗದವೂ ಮೊದಮೊದಲು ಕಾಡಿನಿಂದಲೇ ಬಂದಿತೆಂಬುದನ್ನು ಮರೆಯಲಾಗದು. ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆ ಸ್ಥಾಪಿತವಾದುದು ೧೯೩೬ರಲ್ಲಿ. ದಾಂಡೇಲಿಯ ವೆಸ್ಟ್ ಕೋಸ್ಟ್ ಕಾಗದ ಕಾರ್ಖಾನೆ ೧೯೫೫ರಲ್ಲಿ. ಎರಡೂ ಮಲೆನಾಡಿನ ಬಿದಿರನ್ನು ನೆಚ್ಚಿ ಹುಟ್ಟಿದವು. ೧೯೫೯ರಲ್ಲಿ ಸ್ಥಾಪಿತವಾದ ನಂಜನಗೂಡಿನ ಸೌತ್ ಇಂಡಿಯ ಕಾಗದ ಕಾರ್ಖಾನೆಯು ಮುಂದೆ ಕ್ರಾಫ್ಟ್ ಕಾಗದವನ್ನೂ ರಟ್ಟಿನ ಪೆಟ್ಟಿಗೆಗಳನ್ನೂ ಮಾಡುವ ಸಂಸ್ಥೆಯಾಗಿ ಬೆಳೆಯಿತು. ಇಂದು ನಮ್ಮ ದೇಶದಲ್ಲಿ ಪೆಟ್ಟಿಗೆಗೆ ಬೇಕಾದ ಕ್ರಾಫ್ಟ್ ಕಾಗದದ ಬಹುಭಾಗವು ಹಳೆಯ ಕಾಗದವನ್ನೇ ಅರೆದು ಮಾಡಿದ್ದು.

ಇಲ್ಲಿ ಒಂದು ಹೋಲಿಕೆಯನ್ನು ಸೂಚಿಸುವುದು ಅಪ್ರಸ್ತುತವಾಗಲಾರದು. ನಮ್ಮ ಹಿಂದಿನವರು ಲೆಕ್ಕಪತ್ರಗಳನ್ನು ಬರೆಯುತ್ತಿದ್ದುದು ಕಡತದಲ್ಲಿ. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಕಲಸಿ ಬಳಿದು ಒಣಗಿಸಿ, ಹಿಂದೆ ಮುಂದೆ ಮಡಿಸಿ, ಬಳಪದಿಂದ ಅದರ ಮೇಲೆ ಬರೆಯುತ್ತಿದ್ದರು. ಶೃಂಗೇರಿ ಮಠದ ಕಡತಗಳು ವಿದ್ವಾಂಸರಿಗೆ ಸುಪರಿಚಿತವಾಗಿವೆ. ಮೆತುವಾದ ವಸ್ತುವಿಗೆ ಗಂಜಿಯಿಂದ ಬಿಗುಪನ್ನು ಕೊಡುವುದು, ಮಡಿಕೆಯಿಂದ ಉಪಯೋಗಕ್ಕೆ ತರುವುದು, ಮೇಲೆ ವ್ಯಾಪಾರದ ಮಾತನ್ನು ಬರೆಯುವುದು, ಈ ಮೂರೂ ಕಡತದಲ್ಲಿಯೂ ಇವೆ, ರಟ್ಟಿನ ಪೆಟ್ಟಿಗೆಯಲ್ಲಿಯೂ ಇವೆ. ಒಂದರಿಂದ ಇನ್ನೊಂದು ಬಂದಿತೆಂದು ನಾವು ಹೇಳುವುದಿಲ್ಲ. ಆದರೆ ಕಡತವನ್ನು ಆಕರವೆಂದು ಗೌರವಿಸುವ ನಾವು ಪೆಟ್ಟಿಗೆಯನ್ನು ಕಸವೆಂದು ಎಣಿಸುವುದಕ್ಕೆ ಅಭ್ಯಾಸವೊಂದೇ ಕಾರಣವಲ್ಲದೆ ನ್ಯಾಯವಾದ ಕಾರಣ ಕಾಣುವುದಿಲ್ಲ.

೫

ನಾಲ್ಕು ತಾಲ್ಲೂಕುಗಳಲ್ಲಿ ಈ ಕೈಗಾರಿಕೆ ನೆಲೆಯೂರಲು ಕಾರಣವೇನು? ಇದಕ್ಕೆ ಉತ್ತರ ಪೆಟ್ಟಿಗೆಯ ಸ್ವಭಾವದಲ್ಲಿಯೇ ಇದೆ. ರಟ್ಟು ತೂಕದಲ್ಲಿ ಹಗುರ, ಆದರೆ ಗಾತ್ರದಲ್ಲಿ ದೊಡ್ಡದು. ಲಾರಿಯ ತುಂಬ ಪೆಟ್ಟಿಗೆಯನ್ನು ಹೇರಿದರೆ ಸಾಗುವುದು ಬಹುಮಟ್ಟಿಗೆ ಗಾಳಿ. ಮಡಿಸಿ ಕಟ್ಟಿ ಕಳುಹಿಸಿದರೂ ದೂರದ ಊರಿಗೆ ಬಾಡಿಗೆ ಗಿಟ್ಟುವುದಿಲ್ಲ. ಆದುದರಿಂದ ಪೆಟ್ಟಿಗೆಯ ಕಾರ್ಖಾನೆ ತಾನಾಗಿ ಎಲ್ಲಿಯೂ ಮೊದಲು ಹುಟ್ಟುವುದಿಲ್ಲ. ಬೇರೆ ಕೈಗಾರಿಕೆಗಳು ನೆಲೆಗೊಂಡ ಕಡೆ ಅವುಗಳ ಹಿಂದೆ ಹೋಗುತ್ತದೆ. ಒಂದು ಪ್ರದೇಶದಲ್ಲಿ ಪೆಟ್ಟಿಗೆಯ ಕಾರ್ಖಾನೆಗಳು ಎಲ್ಲಿ, ಯಾವಾಗ ಹುಟ್ಟಿದುವೆಂಬುದನ್ನು ಗುರುತಿಸಿದರೆ ಆ ಪ್ರದೇಶದ ಕೈಗಾರಿಕೆ ಯಾವ ದಿಕ್ಕಿನಲ್ಲಿ ಹರಡಿತೆಂಬುದನ್ನೂ ಗುರುತಿಸಿದಂತಾಯಿತು.

ಮೈಸೂರು ರಾಜ್ಯದ ಕಾಲದಲ್ಲಿ, ೧೯೬೬ರಲ್ಲಿ, ಕೈಗಾರಿಕಾ ಪ್ರದೇಶಾಭಿವೃದ್ಧಿಯ ಕಾಯಿದೆ ಆಯಿತು. ಅದರಂತೆ ಸ್ಥಾಪಿತವಾದ ಮಂಡಳಿಯು ಭೂಮಿಯನ್ನು ವಶಪಡಿಸಿಕೊಂಡು ನಿವೇಶನಗಳನ್ನು ಮಾಡಿ ಹಂಚಲಾರಂಭಿಸಿತು. ೧೯೭೦ರ ದಶಕದಲ್ಲಿ ಪೀಣ್ಯ ಬೆಳೆಯಿತು. ಅಲ್ಲಿಂದ ತುಮಕೂರು ರಸ್ತೆಯನ್ನು ಹಿಡಿದು ನೆಲಮಂಗಲ, ಡಾಬಸ್‌ಪೇಟೆಗಳ ಕಡೆಗೂ, ಹಿಂದೂಪುರದ ರಸ್ತೆಯನ್ನು ಹಿಡಿದು ದೊಡ್ಡಬಳ್ಳಾಪುರದ ಬಾಶೆಟ್ಟಿಹಳ್ಳಿಯ ಕಡೆಗೂ, ಹಳೆಯ ಮದರಾಸು ರಸ್ತೆಯನ್ನು ಹಿಡಿದು ಹೊಸಕೋಟೆಯ ಪಿಳ್ಳಗುಂಪೆಯ ಕಡೆಗೂ ಕಾರ್ಖಾನೆಗಳು ಹಬ್ಬಿದುವು. ೧೯೮೬ರಲ್ಲಿ ಬೆಂಗಳೂರು ಜಿಲ್ಲೆಯನ್ನು ಒಡೆದು ಗ್ರಾಮಾಂತರ ಜಿಲ್ಲೆಯನ್ನು ಮಾಡಿದರು; ೨೦೦೭ರಲ್ಲಿ ರಾಮನಗರ ಜಿಲ್ಲೆ ಬೇರೆಯಾದ ಮೇಲೆ ಈ ನಾಲ್ಕು ತಾಲ್ಲೂಕುಗಳು ಮಾತ್ರ ಉಳಿದುವು. ಹೈದರಾಬಾದು ರಸ್ತೆಯ ದೇವನಹಳ್ಳಿಯ ಬಳಿ ೨೦೦೮ರಲ್ಲಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವು ಆರಂಭವಾದುದರಿಂದ ನಾಲ್ಕನೆಯ ದಿಕ್ಕೂ ತೆರೆದಂತಾಯಿತು.

ಈ ಪ್ರದೇಶದ ಪೆಟ್ಟಿಗೆಗಳಲ್ಲಿ ತುಂಬುವ ಸರಕನ್ನು ನೋಡಿದರೆ ಇಲ್ಲಿಯ ಜೀವನವೇ ಕಾಣುತ್ತದೆ. ದೊಡ್ಡಬಳ್ಳಾಪುರದ ಮಗ್ಗಗಳ ರೇಷ್ಮೆ ಸೀರೆ, ಸಿದ್ಧ ಉಡುಪು, ಹಸಿರುಮನೆಗಳಲ್ಲಿ ಬೆಳೆದ ಗುಲಾಬಿ, ಬೆಂಗಳೂರು ನೀಲಿ ದ್ರಾಕ್ಷಿ, ಮೋಟಾರು ವಾಹನಗಳ ಬಿಡಿಭಾಗ, ಔಷಧ, ಇತ್ತೀಚೆಗೆ ವಿದ್ಯುನ್ಮಾನ ಸಾಮಗ್ರಿ ಮತ್ತು ದೊಡ್ಡ ಗೋದಾಮುಗಳಿಂದ ಮನೆಬಾಗಿಲಿಗೆ ಹೋಗುವ ಬಗೆಬಗೆಯ ಸಾಮಾನು. ಗುಲಾಬಿಯ ಪೆಟ್ಟಿಗೆಗೆ ಗಾಳಿಯಾಡುವ ರಂಧ್ರಗಳು ಬೇಕು. ತಣ್ಣನೆಯ ಕೊಠಡಿಯ ತೇವವನ್ನು ಅದು ತಾಳಬೇಕು. ಬಿಡಿಭಾಗದ ಪೆಟ್ಟಿಗೆ ಭಾರವನ್ನು ಹೊರಬೇಕು. ಸೀರೆಯ ಪೆಟ್ಟಿಗೆ ನೋಟಕ್ಕೆ ಚೆನ್ನಾಗಿರಬೇಕು. ಒಂದೇ ಕಾರ್ಖಾನೆಯವರು ಈ ಮೂರನ್ನೂ ಮಾಡಿಕೊಡಬೇಕಾಗಿ ಬರುವುದುಂಟು.

೬

ತಯಾರಿಕೆಯ ಕ್ರಮವನ್ನು ಪ್ರತ್ಯಕ್ಷವಾಗಿ ತಿಳಿಯುವುದಕ್ಕಾಗಿ ನಾವು ದೊಡ್ಡಬಳ್ಳಾಪುರದ ಸಮೀಪದ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಲವು ದಿನಗಳನ್ನು ಕಳೆದೆವು. ಅಲ್ಲಿಯ ಹಿರಿಯ ಕೆಲಸಗಾರರೊಬ್ಬರು ನಮ್ಮ ಪ್ರಶ್ನೆಗಳಿಗೆಲ್ಲ ಸಮಾಧಾನವಾಗಿ ಉತ್ತರ ಹೇಳಿದರು.

ಕಾಗದವು ದೊಡ್ಡ ದೊಡ್ಡ ಸುರುಳಿಗಳಾಗಿ ಬರುತ್ತದೆ. ಇದಕ್ಕೆ ‘ರೀಲು’ ಎನ್ನುತ್ತಾರೆ. ಒಂದು ರೀಲಿನ ಕಾಗದ ಹಲ್ಲುಳ್ಳ ಎರಡು ಉಕ್ಕಿನ ಉರುಳೆಗಳ ನಡುವೆ ಹಾಯುತ್ತದೆ. ಉರುಳೆಗಳು ಕಾದಿರುತ್ತವೆ, ಒಂದರ ಹಲ್ಲು ಇನ್ನೊಂದರ ಸಂದಿಯಲ್ಲಿ ಕೂರುವುದರಿಂದ ಕಾಗದವು ನಿರಿಗೆಗಟ್ಟುತ್ತದೆ. ನಿರಿಗೆಯ ತುದಿಗಳಿಗೆ ಗಂಜಿಯ ಅಂಟು ತಗಲುತ್ತದೆ; ಎರಡನೆಯ ರೀಲಿನ ಚಪ್ಪಟೆ ಕಾಗದವು ಬಂದು ಅದಕ್ಕೆ ಒತ್ತಿಕೊಳ್ಳುತ್ತದೆ. ಒಂದು ಮೀಟರು ‘ಎ’ ನಿರಿಗೆಯ ರಟ್ಟಿಗೆ ಸುಮಾರು ಒಂದೂವರೆ ಮೀಟರು ಒಳಕಾಗದ ಬೇಕಾಗುತ್ತದೆ. ಹೀಗೆ ಹೊರಬರುವ ಎರಡು ಪದರದ ಹಾಳೆಯನ್ನು ಅಳತೆಗೆ ಕತ್ತರಿಸಿ ಒಟ್ಟುತ್ತಾರೆ.

ಅನಂತರದ ಕೆಲಸವೆಲ್ಲ ಬಹುಮಟ್ಟಿಗೆ ಕೈಯದು. ಎರಡು ಪದರದ ಹಾಳೆಗೆ ಅಂಟು ಹಚ್ಚಿ ಮೂರನೆಯ ಕಾಗದವನ್ನು ಕೂಡಿಸುತ್ತಾರೆ; ಐದು ಪ್ಲೈ ಆಗಬೇಕಾದರೆ ಎರಡು ಪದರದ ಎರಡು ಹಾಳೆಗಳನ್ನೂ ಮೇಲಿನದೊಂದು ಕಾಗದವನ್ನೂ ಕೂಡಿಸುತ್ತಾರೆ. ಈ ಕೆಲಸದಲ್ಲಿ ಹೆಂಗಸರೇ ಹೆಚ್ಚು. ಇಬ್ಬರು ಎದುರುಬದುರು ನಿಂತು ಹಾಳೆಯ ನಾಲ್ಕು ಮೂಲೆಗಳನ್ನು ಕಣ್ಣಳತೆಯಿಂದಲೇ ಹೊಂದಿಸುವುದನ್ನು ನೋಡಿದಾಗ ಮಗ್ಗದ ಊರಿನ ಕೈಚಳಕ ಇಲ್ಲಿಗೂ ಬಂದಿದೆಯೆಂದು ನಮಗೆ ತೋರಿತು. ಅಂಟಿಸಿದ ಹಾಳೆಗಳನ್ನು ಭಾರದ ಕೆಳಗಿಟ್ಟು ಒಣಗಿಸುತ್ತಾರೆ. ಮಳೆಗಾಲದಲ್ಲಿ ಇದೇ ದೊಡ್ಡ ಕಷ್ಟ. ತೇವ ಹೋಗದ ರಟ್ಟು ಮೆತ್ತಗಾಗಿ ಪೆಟ್ಟಿಗೆ ಕುಸಿಯುತ್ತದೆ. ಅವಸರದಿಂದ ಒಣಗಿಸಿದರೆ ಡೊಂಕಾಗುತ್ತದೆ.

ಒಣಗಿದ ರಟ್ಟಿನ ಮೇಲೆ ಮಡಿಕೆಯ ಗೆರೆಗಳನ್ನು ಒತ್ತುವುದು ‘ಕ್ರೀಸಿಂಗ್’. ಮುಚ್ಚಳದ ನಾಲ್ಕು ರೆಕ್ಕೆಗಳನ್ನು ಬೇರ್ಪಡಿಸಲು ಸೀಳು ಕತ್ತರಿಸುವುದು ‘ಸ್ಲಾಟಿಂಗ್’. ಈ ಎರಡನೆಯ ಯಂತ್ರದ ಬಳಿ ಕೆಲಸ ಮಾಡುವವರು ಬೆರಳನ್ನು ಕಾಪಾಡಿಕೊಳ್ಳಬೇಕು. ನಮಗೆ ವಿವರಿಸುತ್ತಿದ್ದ ಹಿರಿಯರ ಎಡಗೈಯ ಕಿರುಬೆರಳಿಗೆ ತುದಿಯಿರಲಿಲ್ಲ. ಅವರಾಗಿ ಅದನ್ನು ಪ್ರಸ್ತಾಪಿಸಲಿಲ್ಲ, ನಾವೂ ಕೇಳಲಿಲ್ಲ. ಕೊನೆಯಲ್ಲಿ ರಟ್ಟಿನ ಎರಡು ಅಂಚುಗಳನ್ನು ತಂತಿಯಿಂದ ಹೊಲಿದೋ ಅಂಟಿಸಿಯೋ ಪೆಟ್ಟಿಗೆಯ ಮೈಯನ್ನು ಕೂಡಿಸುತ್ತಾರೆ. ಚಪ್ಪಟೆಯಾಗಿಯೇ ಅದನ್ನು ಕಟ್ಟಿ ಗಿರಾಕಿಗೆ ಕಳುಹಿಸುತ್ತಾರೆ.

ದೊಡ್ಡ ಕಾರ್ಖಾನೆಗಳಲ್ಲಿ ಇಷ್ಟು ಕೆಲಸವೂ ಒಂದೇ ಸಾಲಿನ ಯಂತ್ರದಲ್ಲಿ ನಡೆಯುತ್ತದೆ. ಐದು ರೀಲುಗಳು ಒಂದು ಕಡೆಯಿಂದ ಒಳಹೊಕ್ಕರೆ ಇನ್ನೊಂದು ಕಡೆ ಒಣಗಿದ, ಕತ್ತರಿಸಿದ ಐದು ಪ್ಲೈ ರಟ್ಟು ಹೊರಬೀಳುತ್ತದೆ. ಇದನ್ನು ಸಾಧ್ಯಗೊಳಿಸಿದ್ದು ಅಂಟಿನ ಸುಧಾರಣೆ. ಮೊದಲು ಸೋಡಿಯಂ ಸಿಲಿಕೇಟನ್ನು ಬಳಸುತ್ತಿದ್ದರು. ೧೯೩೦ರ ದಶಕದಲ್ಲಿ ಅಮೆರಿಕದ ಸ್ಟೈನ್-ಹಾಲ್ ಸಂಸ್ಥೆಯವರು ಗಂಜಿಯ ಹೊಸ ಪಾಕವನ್ನು ರೂಪಿಸಿದರು. ಅದರಲ್ಲಿ ಪಿಷ್ಟದ ಸ್ವಲ್ಪ ಭಾಗವನ್ನು ಮಾತ್ರ ಕ್ಷಾರದೊಡನೆ ಬೇಯಿಸಿ, ಉಳಿದುದನ್ನು ಹಸಿಯಾಗಿಯೇ ಬೆರೆಸುತ್ತಾರೆ. ಹಸಿಯ ಪಿಷ್ಟವು ಬಿಸಿ ಉರುಳೆಯ ಬಳಿಗೆ ಬಂದಾಗ ಅಲ್ಲಿಯೇ ಬೆಂದು ಕ್ಷಣಮಾತ್ರದಲ್ಲಿ ಹಿಡಿದುಕೊಳ್ಳುತ್ತದೆ. ೧೯೬೩ರಲ್ಲಿ ಮೆಕ್ಕೀ ಮೊದಲಾದವರು ಪೆಟ್ಟಿಗೆಯ ಹೊರುವ ಶಕ್ತಿಯನ್ನು ರಟ್ಟಿನ ಅಂಚಿನ ಬಲ, ದಪ್ಪ, ಪೆಟ್ಟಿಗೆಯ ಸುತ್ತಳತೆಗಳಿಂದ ಮುಂಚಿತವಾಗಿ ಲೆಕ್ಕಹಾಕುವ ಸೂತ್ರವನ್ನು ಕೊಟ್ಟರು. ಅಂದಿನಿಂದ ಅನುಭವದ ಕೈಯಳತೆಯ ಸ್ಥಾನವನ್ನು ಗಣಿತವು ಆಕ್ರಮಿಸಲಾರಂಭಿಸಿತು.

೭

ಇನ್ನು ಮುದ್ರಣದ ವಿಚಾರ. ನಿರಿಗೆಯ ರಟ್ಟಿನ ಮೇಲೆ ಮುದ್ರಿಸುವುದು ಸುಲಭವಲ್ಲ. ಲೋಹದ ಅಚ್ಚನ್ನು ಬಲವಾಗಿ ಒತ್ತಿದರೆ ನಿರಿಗೆಗಳು ನುಗ್ಗಾಗಿ ಪೆಟ್ಟಿಗೆಯ ಬಲವೇ ಹೋಗುತ್ತದೆ. ಆದುದರಿಂದ ಮೆತುವಾದ ಅಚ್ಚು ಬೇಕು. ಅದು ರಟ್ಟನ್ನು ಮುಟ್ಟಿಯೂ ಮುಟ್ಟದಂತೆ ತಾಗಬೇಕು. ರಬ್ಬರಿನ ಅಚ್ಚನ್ನು ಉರುಳೆಗೆ ಅಂಟಿಸಿ, ಬೇಗ ಆರುವ ತೆಳುವಾದ ಶಾಯಿಯಿಂದ ಮುದ್ರಿಸುವ ಈ ಕ್ರಮಕ್ಕೆ ಮೊದಲು ‘ಅನಿಲೀನ್ ಮುದ್ರಣ’ವೆಂದು ಹೆಸರಿತ್ತು. ಅನಿಲೀನ್ ಬಣ್ಣವು ಆಹಾರಕ್ಕೆ ವಿಷವೆಂಬ ಶಂಕೆ ಹುಟ್ಟಿದುದರಿಂದ ಆ ಹೆಸರು ವ್ಯಾಪಾರಕ್ಕೆ ತೊಡಕಾಗಿ, ೧೯೫೨ರಲ್ಲಿ ಅಮೆರಿಕದ ಮುದ್ರಕರು ‘ಫ್ಲೆಕ್ಸೊಗ್ರಫಿ’ ಎಂಬ ಹೊಸ ಹೆಸರನ್ನು ಆರಿಸಿದರು. ಹಿಂದೆ ರಬ್ಬರಿನ ಹಾಳೆಯ ಮೇಲೆ ಅಕ್ಷರವನ್ನು ತಿರುಗುಮುರುಗಾಗಿ ಬರೆದು ಚೂರಿಯಿಂದ ಕೈಯಲ್ಲೇ ಕೆತ್ತುತ್ತಿದ್ದರು. ಈಗ ಬೆಳಕಿನಿಂದ ಗಟ್ಟಿಯಾಗುವ ಪಾಲಿಮರಿನ ಅಚ್ಚುಗಳು ಬಂದಿವೆ. ಕೆಲವೇ ಪೆಟ್ಟಿಗೆಗಳು ಬೇಕಾದಾಗ ಚೌಕಟ್ಟಿಗೆ ಬಿಗಿದ ಜಾಲರಿ ಬಟ್ಟೆಯ ಮೂಲಕ ಶಾಯಿಯನ್ನು ಒತ್ತುವ ಸ್ಕ್ರೀನ್ ಮುದ್ರಣವನ್ನು ಬಳಸುತ್ತಾರೆ. ಬಹುವರ್ಣದ ಚಿತ್ರಗಳಾದರೆ ಕಾಗದವನ್ನು ಬೇರೆಯಾಗಿ ಆಫ್‌ಸೆಟ್ಟಿನಲ್ಲಿ ಮುದ್ರಿಸಿ ಬಳಿಕ ರಟ್ಟಿಗೆ ಅಂಟಿಸುತ್ತಾರೆ.

ಹೀಗೆ ಮುದ್ರಿತವಾದುದನ್ನು ಕಾಲನಿರ್ಣಯಕ್ಕೆ ಬಳಸಬಹುದೆ ಎಂಬುದು ನಮಗೆ ಮುಖ್ಯವಾದ ಪ್ರಶ್ನೆ. ಪೆಟ್ಟಿಗೆಯ ಮೇಲೆ ಇಸವಿ ಇರುವುದು ಕಡಿಮೆ. ಆದರೆ ಲಿಪಿಯಿಂದ ಶಾಸನದ ಕಾಲವನ್ನು ಊಹಿಸುವಂತೆ ವಿಳಾಸದಿಂದ ಪೆಟ್ಟಿಗೆಯ ಕಾಲವನ್ನು ಊಹಿಸಬಹುದು. ಆರು ಅಂಕಿಯ ಪಿನ್ ಸಂಖ್ಯೆ ಬಳಕೆಗೆ ಬಂದುದು ೧೯೭೨ರ ಆಗಸ್ಟ್ ೧೫ರಂದು. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಾದುದು ೧೯೭೩ರ ನವೆಂಬರ್ ೧ರಂದು. ಗ್ರಾಮಾಂತರ ಜಿಲ್ಲೆ ಹುಟ್ಟಿದ್ದು ೧೯೮೬ರಲ್ಲಿ. ಇಂಗ್ಲಿಷಿನಲ್ಲಿಯೂ ‘ಬೆಂಗಳೂರು’ ಎಂಬ ರೂಪವು ಅಧಿಕೃತವಾದುದು ೨೦೧೪ರ ನವೆಂಬರ್ ೧ರಂದು. ಬಾಣಗಳು ಒಂದನ್ನೊಂದು ಹಿಂಬಾಲಿಸುವ ಮರುಬಳಕೆಯ ತ್ರಿಕೋನ ಚಿಹ್ನೆಯನ್ನು ಗ್ಯಾರಿ ಆಂಡರ್ಸನ್ ಎಂಬ ವಿದ್ಯಾರ್ಥಿಯು ರಚಿಸಿದ್ದು ೧೯೭೦ರಲ್ಲಿ. ಆ ಸ್ಪರ್ಧೆಯನ್ನು ನಡೆಸಿದವರೂ ಅಮೆರಿಕದ ಒಂದು ಪೆಟ್ಟಿಗೆ ತಯಾರಿಕೆಯ ಸಂಸ್ಥೆಯವರೇ.

ಒಂದು ಉದಾಹರಣೆಯನ್ನು ಕೊಡಬಹುದು. ದೊಡ್ಡಬಳ್ಳಾಪುರದ ನೇಕಾರರೊಬ್ಬರ ಮನೆಯ ಅಟ್ಟದ ಮೇಲೆ ಹಳೆಯ ಕಂಡಿಕೆ, ಲಾಳಿಗಳನ್ನು ತುಂಬಿಟ್ಟಿದ್ದ ಐದು ಪ್ಲೈ ಪೆಟ್ಟಿಗೆಯೊಂದನ್ನು ನಾವು ಕಂಡೆವು. ಅದರ ಒಂದು ರೆಕ್ಕೆಯ ಮೇಲೆ ಊರಿನ ಹೆಸರೂ, ೫೬೧೨೦೩ ಎಂಬ ಪಿನ್ ಸಂಖ್ಯೆಯೂ, ‘ಬ್ಯಾಂಗಲೋರ್ ಜಿಲ್ಲೆ’ ಎಂಬ ಅರ್ಥದ ಇಂಗ್ಲಿಷ್ ಮಾತೂ ಇದ್ದುವು. ಪಿನ್ ಸಂಖ್ಯೆ ಇರುವುದರಿಂದ ಅದು ೧೯೭೨ರ ಆಗಸ್ಟಿಗಿಂತ ಹಿಂದಿನದಲ್ಲ. ‘ಗ್ರಾಮಾಂತರ’ ಎಂಬ ಮಾತು ಇಲ್ಲದಿರುವುದರಿಂದ ೧೯೮೬ಕ್ಕಿಂತ ಮೊದಲಿನದೆಂದು ಹೇಳಬಹುದೆ? ಇಲ್ಲಿ ಎಚ್ಚರ ಬೇಕು. ರಬ್ಬರಿನ ಅಚ್ಚನ್ನು ಒಮ್ಮೆ ಕೆತ್ತಿಸಿದ ಮೇಲೆ ಸವೆಯುವವರೆಗೂ ಬಳಸುತ್ತಾರೆ. ಒಂದು ಮಾತಿಗಾಗಿ ಹೊಸ ಅಚ್ಚನ್ನು ಮಾಡಿಸುವ ಖರ್ಚಿಗೆ ಯಾರೂ ಹೋಗುವುದಿಲ್ಲ. ಆದುದರಿಂದ ಹೊಸ ಗುರುತು ಇದ್ದರೆ ಅದು ಪೆಟ್ಟಿಗೆಯ ಕಾಲಕ್ಕೆ ಖಚಿತವಾದ ಹಿಂದಿನ ಎಲ್ಲೆ. ಹೊಸ ಗುರುತು ಇಲ್ಲದಿದ್ದರೆ ಅದರಿಂದ ಮುಂದಿನ ಎಲ್ಲೆ ಸಿದ್ಧವಾಗುವುದಿಲ್ಲ. ಆ ಪೆಟ್ಟಿಗೆ ೧೯೭೨ರ ಅನಂತರ, ಬಹುಶಃ ೧೯೯೦ಕ್ಕೆ ಮೊದಲು ಆದದ್ದೆಂದು ಹೇಳುವುದಷ್ಟೇ ಉಚಿತ. ತಯಾರಕನ ಹೆಸರಿದ್ದ ಭಾಗವನ್ನು ಇಲಿ ಕಡಿದುಹಾಕಿತ್ತು. ಹೆಸರು ದೊರೆತಿದ್ದರೆ ಈ ಊರಿನ ಮೊದಲ ಪೆಟ್ಟಿಗೆ ಕಾರ್ಖಾನೆಗಳ ಪೈಕಿ ಒಂದರ ಗುರುತು ಸಿಕ್ಕುತ್ತಿತ್ತೋ ಏನೋ.

ಭಾಷೆಯ ವಿಷಯದಲ್ಲಿಯೂ ಒಂದು ಮಾತು. ನಾವು ನೋಡಿದ ಪೆಟ್ಟಿಗೆಗಳಲ್ಲಿ ಬಹುಪಾಲು ಇಂಗ್ಲಿಷಿನಲ್ಲಿ ಮುದ್ರಿತವಾದವು. ಕನ್ನಡ ಕಂಡದ್ದು ಮುಖ್ಯವಾಗಿ ಸ್ಥಳೀಯ ಮಾರುಕಟ್ಟೆಯ ಸೀರೆ, ತಿಂಡಿ, ಊದುಬತ್ತಿಗಳ ಪೆಟ್ಟಿಗೆಗಳ ಮೇಲೆ. ಸರಕು ದೂರಕ್ಕೆ ಹೋದಷ್ಟೂ ಅದರ ಮೇಲಿನ ಭಾಷೆ ಊರಿನಿಂದ ದೂರವಾಗುತ್ತದೆ. ಅಕ್ಷರ ಬಾರದ ಹಮಾಲಿಗಾಗಿ ಮಾತ್ರ ಭಾಷೆಯಿಲ್ಲದ ಚಿಹ್ನೆಗಳಿವೆ: ಒಡೆಯುವ ವಸ್ತುವಿಗೆ ಗಾಜಿನ ಲೋಟ, ನೀರು ತಗಲಬಾರದುದಕ್ಕೆ ಕೊಡೆ, ಮೇಲುಭಾಗಕ್ಕೆ ಎರಡು ಬಾಣ. ವೀರಗಲ್ಲಿನಲ್ಲಿ ಓದಲಾರದವರಿಗೂ ಕಥೆ ತಿಳಿಯಲೆಂದು ಚಿತ್ರವನ್ನು ಕೆತ್ತಿದಂತೆಯೇ ಇದೂ.

೮

ಈ ಸಾಕ್ಷ್ಯವು ನಾಶವಾಗುವುದು ದುರುದ್ದೇಶದಿಂದಲ್ಲ, ಉಪಯುಕ್ತತೆಯಿಂದ. ಬಿಡಿ ಅಂಗಡಿಗಳಿಂದ ಗುಜರಿಯವರಿಗೆ, ಅವರಿಂದ ಬೆಂಗಳೂರಿನ ಜಾಲಿ ಮೊಹಲ್ಲಾದಂಥ ದೊಡ್ಡ ವ್ಯಾಪಾರದ ಕೇರಿಗಳಿಗೆ, ಅಲ್ಲಿಂದ ಗಿರಣಿಗೆ ಹೋಗಿ ಪೆಟ್ಟಿಗೆಯು ಮತ್ತೆ ನೀರಿನಲ್ಲಿ ಕರಗಿ ಕಾಗದವಾಗುತ್ತದೆ. ಪ್ರತಿಸಲವೂ ನಾರು ಗಿಡ್ಡವಾಗುವುದರಿಂದ ಬಲಕ್ಕಾಗಿ ಹೊಸ ನಾರನ್ನು ಬೆರೆಸಬೇಕಾಗುತ್ತದೆ. ಕಾಡಿಗೆ ಇದರಿಂದ ಉಪಕಾರವಾಗಿದೆ. ಇದು ನಿಲ್ಲಬೇಕೆಂದು ಯಾರೂ ಬಯಸಲಾರರು.

ಆದರೆ ಪೆಟ್ಟಿಗೆಯೊಡನೆ ಅದನ್ನು ಮಾಡಿದವರ ನೆನಪೂ ಕರಗುತ್ತಿದೆಯೆಂಬುದು ನಮ್ಮ ಚಿಂತೆ. ಸಣ್ಣ ಕಾರ್ಖಾನೆಯವನು ಎರಡು ದೊಡ್ಡವರ ನಡುವೆ ಸಿಕ್ಕಿದವನು: ಕಾಗದದ ಬೆಲೆಯನ್ನು ಗಿರಣಿ ಹೇಳುತ್ತದೆ, ಪೆಟ್ಟಿಗೆಯ ಬೆಲೆಯನ್ನು ಗಿರಾಕಿ ಹೇಳುತ್ತಾನೆ. ೨೦೨೦ರ ಮಾರ್ಚಿನಲ್ಲಿ ದೇಶವೇ ಮುಚ್ಚಿದಾಗ ಗುಜರಿಯ ಕಾಗದ ಬರುವುದು ನಿಂತಿತು. ೨೦೨೧ರ ಜನವರಿ ೧ರಿಂದ ಚೀನಾ ದೇಶವು ಹಳೆಯ ಕಾಗದದ ಆಮದನ್ನು ಪೂರ್ತಿಯಾಗಿ ನಿಷೇಧಿಸಿ ಅದಕ್ಕೆ ಬದಲಾಗಿ ಸಿದ್ಧವಾದ ಕಾಗದದ ಸುರುಳಿಗಳನ್ನು ನಮ್ಮಂಥ ದೇಶಗಳಿಂದ ಕೊಳ್ಳಲಾರಂಭಿಸಿದುದರಿಂದ ಕ್ರಾಫ್ಟ್ ಕಾಗದದ ಬೆಲೆ ಏರಿತು. ದೂರದ ಒಂದು ಸರ್ಕಾರದ ಆಜ್ಞೆಯು ಬಾಶೆಟ್ಟಿಹಳ್ಳಿಯ ಅಂಟಿನ ತೊಟ್ಟಿಯವರೆಗೂ ಬಂದು ಮುಟ್ಟಿತು. ನಾವು ನೋಡಿದ ಕಾರ್ಖಾನೆಯ ಪಕ್ಕದ ಎರಡು ಶೆಡ್ಡುಗಳಿಗೆ ಬೀಗ ಬಿದ್ದಿತ್ತು. ಅಲ್ಲಿಯ ಹಳೆಯ ಅಚ್ಚುಗಳು, ನಮೂನೆಯ ಹಾಳೆಗಳು, ಗಿರಾಕಿಗಳ ಅಳತೆಯ ಪುಸ್ತಕಗಳು ಏನಾದುವೆಂದು ವಿಚಾರಿಸಿದೆವು. ಕಾಗದವನ್ನು ಗುಜರಿಗೆ ತೂಕಕ್ಕೆ ಹಾಕಿದರೆಂದೂ ಅಚ್ಚುಗಳನ್ನು ಸುಟ್ಟರೆಂದೂ ತಿಳಿದುಬಂದಿತು. ಎದುರುಬದುರು ನಿಂತು ಅಂಟಿಸುತ್ತಿದ್ದ ಹೆಂಗಸರು ಎಲ್ಲಿಗೆ ಹೋದರೆಂಬುದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ.

ಇದಕ್ಕೆ ಮಾಡಬೇಕಾದ ಕೆಲಸ ದೊಡ್ಡದೇನೂ ಅಲ್ಲ. ಈ ನಾಲ್ಕು ತಾಲ್ಲೂಕುಗಳ ಕಾಲೇಜುಗಳಲ್ಲಿ ಚರಿತ್ರೆಯನ್ನು ಬೋಧಿಸುವ ನಾವು ಪ್ರತಿವರ್ಷವೂ ವಿದ್ಯಾರ್ಥಿಗಳಿಂದ ಪೆಟ್ಟಿಗೆಯ ಮುದ್ರಿತ ರೆಕ್ಕೆಗಳನ್ನು ತರಿಸಿ, ದೊರೆತ ಸ್ಥಳ ಮತ್ತು ದಿನಾಂಕವನ್ನು ಅದರ ಬೆನ್ನಿಗೆ ಬರೆದು, ಒಣಗಿದ ಕಪಾಟಿನಲ್ಲಿ ಇಡಬಹುದು. ಇಡೀ ಪೆಟ್ಟಿಗೆ ಬೇಕಾಗಿಲ್ಲ; ಬರೆಹವಿರುವ ಒಂದು ಗೇಣು ರಟ್ಟು ಸಾಕು. ಮುಚ್ಚುವ ಕಾರ್ಖಾನೆಯಿಂದ ಒಂದು ಅಳತೆಯ ಪುಸ್ತಕವನ್ನೂ ಒಂದು ಅಚ್ಚನ್ನೂ ಕೇಳಿ ಪಡೆಯಬಹುದು. ಅಂಟಿಸುವವರು, ಹೊಲಿಯುವವರು, ಅಚ್ಚು ಕೆತ್ತುತ್ತಿದ್ದವರು ಇನ್ನೂ ಇದ್ದಾರೆ. ಅವರ ಮಾತನ್ನು ಬರೆದುಕೊಳ್ಳಬಹುದು. ರೈಸ್ ಅವರ ಕಾಲದಲ್ಲಿ ಹೊಲದ ಬದುವಿನ ಕಲ್ಲನ್ನು ಬಟ್ಟೆ ಒಗೆಯುವುದಕ್ಕೂ ಮೆಟ್ಟಿಲಿಗೂ ಬಳಸುತ್ತಿದ್ದವರಿಗೆ ಅದರ ಮೇಲಿನ ಅಕ್ಷರದ ಬೆಲೆ ತಿಳಿದಿರಲಿಲ್ಲ. ನಮ್ಮ ಮನೆಗಳ ಅಟ್ಟದ ಮೇಲಿನ ಪೆಟ್ಟಿಗೆಯ ವಿಷಯದಲ್ಲಿ ನಾವೂ ಇಂದು ಅವರ ಸ್ಥಾನದಲ್ಲಿಯೇ ಇದ್ದೇವೆ. ಕಲ್ಲು ಕಾಯಬಲ್ಲುದು, ಕಾಗದ ಕಾಯಲಾರದು. ಆದುದರಿಂದ ಈ ಕೆಲಸವನ್ನು ನಮ್ಮ ವಿಭಾಗದವರೂ ತಾಲ್ಲೂಕು ಕೇಂದ್ರಗಳ ಅಧ್ಯಾಪಕ ಮಿತ್ರರೂ ಈ ವರ್ಷವೇ ಕೈಗೊಳ್ಳಬೇಕೆಂದು ವಿಜ್ಞಾಪಿಸಿಕೊಂಡು ಈ ಲೇಖನವನ್ನು ಮುಗಿಸುತ್ತೇವೆ.